ಬೀಗ ಹಾಕಿದ ನಮೂನೆ

ಮಾರ್ಚ್ ೧೨, ಗುರುವಾರ

ಆ ಸಾಲು ಇವತ್ತೂ ಬಂದು ಕೂತಿತ್ತು. ತೀರಿಕೊಂಡ ನೌಕರರ ಮನೆಯವರಿಂದ ದಾಖಲೆ ಕೇಳುವ ಪತ್ರದ ನಮೂನೆ ನಮ್ಮ ಆಫೀಸಿನಲ್ಲಿ ಎಲ್ಲರಿಗೂ ಒಂದೇ. ‘ಏಳು ದಿನದೊಳಗೆ ಸಲ್ಲಿಸತಕ್ಕದ್ದು’ ಎಂಬುದರ ಕೆಳಗೆ ಯಾರೋ ‘ಆಗದಿದ್ದರೆ ಒಂದು ಫೋನ್ ಮಾಡಿ, ಕಾಯುತ್ತೇವೆ’ ಎಂದು ಸೇರಿಸುತ್ತಲೇ ಇದ್ದರು. ಮೂರು ಸಲ ಅಳಿಸಿದ್ದೆ. ಇವತ್ತು ರೇಗಿಹೋಗಿ, ನಾಲ್ಕನೇ ಸಲ ಅಳಿಸಿ, ಪಾಸ್‌ವರ್ಡ್ ಹಾಕಿ ಬೀಗ ಜಡಿದೆ.

ಮಧ್ಯಾಹ್ನ ಟೈಪಿಸ್ಟ್ ಅಕ್ಕ ನನ್ನ ಮೇಜಿನ ಹತ್ತಿರ ಬಂದು ನಿಂತರು. ನಮ್ಮಲ್ಲೇ ನೌಕರರಾಗಿದ್ದ ಗಂಡ ಸತ್ತ ಮೇಲೆ ಆ ಕೆಲಸಕ್ಕೆ ಬಂದವರು.

“ಆ ಕಾಗದ ತಿದ್ದೋಕೇ ಆಗ್ತಿಲ್ಲ ಸಾರ್.”

“ಅದನ್ನ ಸೇರಿಸ್ತಾ ಇದ್ದಿದ್ದು ನೀವಾ ಅಕ್ಕ?”

“ನಮ್ಮನೆಯವರು ಹೋದಾಗ ನನಗೂ ಬಂದಿತ್ತಲ್ಲ ಸಾರ್. ಏಳು ದಿನ ಅಂತಿತ್ತು. ಅಳೋದು ಬಿಟ್ಟು ಬೀರು ತಡಕಾಡ್ತಾ ಕೂತಿದ್ದೆ.”

ಅಷ್ಟು ಹೇಳಿ ತಮ್ಮ ಕುರ್ಚಿಗೆ ಹೋದರು.

ಸಂಜೆ ಬೀಗ ತೆಗೆದು, ಆ ಸಾಲನ್ನು ನಾನೇ ಟೈಪ್ ಮಾಡಿ, ಮತ್ತೆ ಬೀಗ ಹಾಕಿದೆ. ಇನ್ನು ಯಾರೂ ಅಳಿಸಲಾರರು. ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದುಕೊಟ್ಟೆ. ಅಕ್ಕ ಅದನ್ನು ಮಡಿಸಿ ಕನ್ನಡಕದ ಡಬ್ಬಿಯೊಳಗೆ ಇಟ್ಟುಕೊಂಡರು.

ಅವತ್ತು ಅವರ ಮನೆಗೆ ಹೋದ ಕಾಗದಕ್ಕೆ ಸಹಿ ಹಾಕಿದವನು ನಾನು. ಇಷ್ಟು ವರ್ಷ ಎದುರಿಗೇ ಕೂತು, ಅದೊಂದನ್ನು ಮಾತ್ರ ಅವರು ಒಂದು ದಿನವೂ ಎತ್ತಿ ಆಡಿಲ್ಲ.