ನನ್ನ ಬೈಕಿನ ಕೋಡ್ ನಾನೇ ಓದಿದ ತಪ್ಪಿಗೆ

ವಾರಂಟಿ ವಿಭಾಗದ ಮಾನ್ಯ ಪ್ರಾದೇಶಿಕ ಮುಖ್ಯಾಧಿಕಾರಿಗಳೇ,

ನನ್ನ ಸ್ವಂತ ಬೈಕಿಗೆ ಏನಾಗಿದೆ ಎಂಬುದನ್ನು ನನ್ನ ಸ್ವಂತ ಅಂಗಳದಲ್ಲಿ ನಾನೇ ನೋಡಿಕೊಂಡೆ. ಅದಕ್ಕಾಗಿ ನೀವು ಅದರ ವಾರಂಟಿ ರದ್ದು ಮಾಡಿದ್ದೀರಿ. ನಿಮ್ಮ ಪತ್ರದಲ್ಲಿ ಇರುವುದು ಎರಡೇ ವಾಕ್ಯ. ನಾನು "ಅನಧಿಕೃತ ಉಪಕರಣದ ಮೂಲಕ ವಾಹನದ ಗಣಕದೊಂದಿಗೆ ಸಂಪರ್ಕ ಹೊಂದಿರುವುದು ದೃಢಪಟ್ಟಿದೆ" ಎಂಬುದು ಒಂದು. ಆದ್ದರಿಂದ ವಾರಂಟಿ ಇಲ್ಲ ಎಂಬುದು ಇನ್ನೊಂದು. ಮೊದಲನೆಯ ವಾಕ್ಯವನ್ನು ನನ್ನ ಗಂಡ ಅಜಿತ ಮೂರು ಸಲ ಓದಿ, ಕನ್ನಡಕ ತೆಗೆದು, "ಸಂಪರ್ಕ ಅಂದ್ರ ಎಂಥಾ ಸಂಪರ್ಕ?" ಎಂದು ಕೇಳಿದರು. ಇಪ್ಪತ್ತೊಂದು ವರ್ಷದ ಸಂಸಾರದಲ್ಲಿ ಅವರಿಗೆ ನನ್ನ ಮೇಲೆ ಬಂದ ಮೊದಲ ಅನುಮಾನ ಅದು. ನಿಮ್ಮ ಕಚೇರಿಯ ಭಾಷಾಜ್ಞಾನಕ್ಕೆ ನನ್ನ ನಮಸ್ಕಾರಗಳು.

ನಾನು ಜಮಖಂಡಿಯವಳು. ಮುಧೋಳದ ಕೋರ್ಟಿನಲ್ಲಿ ದಾಖಲೆ ನೋಡಿಕೊಳ್ಳುವ ಗುಮಾಸ್ತೆ. ದಿನಾ ಬೈಕಿನ ಮೇಲೆ ಹೋಗಿ ಬರುತ್ತೇನೆ. ನಮ್ಮ ಮನೆಯಲ್ಲಿ ಬೈಕು ಓಡಿಸುವವಳು ನಾನೊಬ್ಬಳೇ. ಅಜಿತರಿಗೆ ಎರಡು ಗಾಲಿಯ ವಾಹನವೆಂದರೆ ಹುಟ್ಟಾ ಭಯ, ಅದು ನಿಂತಿದ್ದರೂ ಸ್ವಲ್ಪ ದೂರದಿಂದಲೇ ಹಾದು ಹೋಗುತ್ತಾರೆ. ನನ್ನ ಹಿಂದೆ ಕೂರುವವರು ಅತ್ತೆ ಕೃಷ್ಣಾಬಾಯಿ. ನಾವೆಲ್ಲ ಅವರನ್ನು ಆಯಿ ಎನ್ನುತ್ತೇವೆ. ವಯಸ್ಸು ಎಪ್ಪತ್ತೆರಡು, ಸರಕಾರಿ ದವಾಖಾನೆಯಲ್ಲಿ ನರ್ಸ್ ಆಗಿ ನಿವೃತ್ತರಾದವರು. ಬಸ್ಸಿನಲ್ಲಿ ಕೂತರೆ ಅವರಿಗೆ ವಾಂತಿಯಾಗುತ್ತದೆ, ಬೈಕಿನಲ್ಲಿ ಕೂತರೆ ಭಜನೆಯ ಅಭಂಗ ನೆನಪಾಗುತ್ತದೆ.

ಈ ಪ್ರಕರಣದ ಮೂಲ ಒಂದು ಡಬ್ಬಿ ಶ್ರೀಖಂಡ. ಒಂಬತ್ತು ವರ್ಷಗಳ ಹಿಂದೆ ಒಂದು ಮುಂಜಿವೆಯಲ್ಲಿ ಆಯಿ ಮಾಡಿದ ಶ್ರೀಖಂಡವನ್ನು ಅವರ ಅಕ್ಕ ಮಾಲಾ ಮಾವಶಿ ನಲವತ್ತು ಜನರೆದುರು ಹುಳಿ ಎಂದರು. ಅಂದಿನಿಂದ ಅಕ್ಕತಂಗಿಯರ ನಡುವೆ ಮಾತಿಲ್ಲ. ಮಾವಶಿ ಇರುವುದು ಬೀಳಗಿ ಆಚೆಯ ಅನಗವಾಡಿಯಲ್ಲಿ. ಕಳೆದ ಮಾರ್ಚ್ ತಿಂಗಳಲ್ಲಿ ಅವರಾಗಿಯೇ ಫೋನ್ ಮಾಡಿ, "ಕೃಷ್ಣಾ, ವಯಸ್ಸಾತು. ಬಂದು ಹೋಗು" ಎಂದರು. ಆಯಿ ಫೋನಿಟ್ಟು, ಆ ಕ್ಷಣವೇ ಮೊಸರು ಕಟ್ಟಲು ಬಟ್ಟೆ ಹುಡುಕಿದರು.

ಆ ವಾರವೇ ನಿಮ್ಮ ಅಧಿಕೃತ ಸೇವಾ ಕೇಂದ್ರದಲ್ಲಿ ಬೈಕಿನ ಸರ್ವಿಸ್ ಮಾಡಿಸಿದೆ. ದೂರದ ದಾರಿ, ಯಾವುದಕ್ಕೂ ಇರಲಿ ಎಂದು. ನನ್ನ ಮೊದಲ ತಪ್ಪು ಅದು ಎಂದು ಈಗ ತಿಳಿಯುತ್ತಿದೆ. ಬೈಕು ಹೊಳೆಯುತ್ತ ಮರಳಿ ಬಂತು, ಜೊತೆಗೆ ಇಂಜಿನ್ನಿನ ಹಳದಿ ದೀಪವೂ ಹೊಳೆಯತೊಡಗಿತು. ಕಪ್ಪು ಹೊಗೆ, ಪೆಟ್ರೋಲಿನ ನಾತ. ಸ್ವಲ್ಪ ನಿಧಾನ ಮಾಡಿದರೆ ಇಂಜಿನ್ ಬಂದ್. ಮರಳಿ ಒಯ್ದೆ. ಅಲ್ಲಿಯ ಸಲಹೆಗಾರ ಜ್ಞಾನೇಶ್ವರ ವಿನಯವಂತ ಮನುಷ್ಯ. ದೀಪವನ್ನು ಬಗ್ಗಿ ನೋಡಿ, "ಮೇಡಂ, ಲ್ಯಾಪ್‌ಟಾಪ್ ಹಚ್ಚಿ ನೋಡಬೇಕಾಗ್ತೈತಿ. ಲ್ಯಾಪ್‌ಟಾಪ್ ರಿಪೇರಿಗೆ ಹೋಗೈತಿ" ಎಂದ. ಬೈಕಿಗೆ ಏನಾಗಿದೆ ಎಂದು ಹೇಳುವ ಯಂತ್ರಕ್ಕೇ ಏನೋ ಆಗಿತ್ತು. ಅದಕ್ಕೆ ಏನಾಗಿದೆ ಎಂದು ಹೇಳುವ ಯಂತ್ರ ಎಲ್ಲಿತ್ತೋ. ಮೂರು ವಾರ ಹೋದೆ, ಮೂರು ವಾರವೂ ಅದೇ ಉತ್ತರ. ಕೊನೆಯ ಸಲ ಅಲ್ಲಿದ್ದ ಇನ್ನೊಬ್ಬರು, "ಗಾಡೀ ವಿಷಯಾ ತಿಳಿಯೂ ಗಂಡಸರು ಮನ್ಯಾಗ ಇದ್ರ ಕಳಸ್ರಿ" ಎಂದರು. ಅಜಿತರನ್ನು ಕಳುಹಿಸುವ ಮನಸ್ಸಾಗಿತ್ತು. ಅವರು ಬೈಕಿನ ಹತ್ತಿರ ಹೋಗದೆ ಮಾತಾಡಬೇಕಾಗುತ್ತಿತ್ತು, ಅಷ್ಟೇ.

ಏಪ್ರಿಲ್ ತಿಂಗಳ ಒಂದು ರವಿವಾರ, ದೀಪ ಉರಿಯುತ್ತಿದ್ದಂತೆಯೇ ಧೈರ್ಯ ಮಾಡಿ ಹೊರಟೆವು. ಆಯಿಯ ಮಡಿಲಲ್ಲಿ ಹಿಂದಿನ ದಿನ ಮಾಡಿದ ಶ್ರೀಖಂಡದ ಡಬ್ಬಿ. ಬೀಳಗಿಯವರೆಗೆ ನಾಲ್ಕು ಸಲ ನಿಂತಿತು. ಐದನೆಯ ಸಲ ಅನಗವಾಡಿಯನ್ನೂ ದಾಟಿ ಊರಾಚೆಯ ಪಂಕ್ಚರ್ ಅಂಗಡಿಯ ಮುಂದೆ ನಿಂತಿತು, ಏಕೆಂದರೆ ನಿಂತೇ ಬಿಟ್ಟೀತೆಂಬ ಭಯಕ್ಕೆ, ಮೊದಲು ರಿಪೇರಿಯಾಗಲಿ ಎಂದು, ನಾನು ಮಾವಶಿಯ ಓಣಿಯಲ್ಲಿ ವೇಗ ಇಳಿಸಿರಲಿಲ್ಲ; ಆಗ ಅವರ ಬಾಗಿಲು ಮುಚ್ಚಿತ್ತು. ಅಂಗಡಿಯ ರೇವಪ್ಪ ಅರ್ಧ ತಾಸು ಒದ್ದಾಡಿ ಅದನ್ನು ಚಾಲೂ ಮಾಡಿಕೊಟ್ಟು ಹೇಳಿದ್ದಿಷ್ಟು:

"ಅಕ್ಕಾರ, ಇನ್ನ ಬಂದ್ ಆತಂದ್ರ ನನ್ನ ಕೈಲಿ ಆಗಂಗಿಲ್ಲ. ಎಲ್ಲೂ ನಿಲ್ಲಬ್ಯಾಡ್ರಿ. ಸೀದಾ ಜಮಖಂಡಿ."

ಮಾನ್ಯರೇ, ಮರುದಿನ ಸೋಮವಾರ. ಕೋರ್ಟಿನ ದಾಖಲೆ ಕೋಣೆಯ ಕೀಲಿ ನನ್ನ ಪರ್ಸಿನಲ್ಲಿತ್ತು. ಅದು ಬೆಳಿಗ್ಗೆ ಮುಧೋಳದಲ್ಲಿ ಇರದಿದ್ದರೆ ಆ ದಿನದ ವಿಚಾರಣೆಗಳೆಲ್ಲ ಮುಂದೆ ಹೋಗುತ್ತಿದ್ದವು. ಆದ್ದರಿಂದ ನಿಲ್ಲಲಿಲ್ಲ. ಆದರೆ ಜಮಖಂಡಿಯ ದಾರಿ ಮಾವಶಿಯ ಮನೆಯ ಮುಂದೆಯೇ ಹಾಯುತ್ತದೆ. ಮಾವಶಿ ಹೊಸ ಇಳಕಲ್ ಸೀರೆ ಉಟ್ಟು, ಹೊಸ್ತಿಲಲ್ಲಿ ನಿಂತು ದಾರಿ ಕಾಯುತ್ತಿದ್ದರು. ಒಂಬತ್ತು ವರ್ಷದ ನಂತರ ಅವರು ಕಂಡದ್ದೇನು? ತಂಗಿ ಕಪ್ಪು ಹೊಗೆಯ ನಡುವಿನಿಂದ ಬಂದಳು, ಶ್ರೀಖಂಡದ ಡಬ್ಬಿ ಎತ್ತಿ ತೋರಿಸಿದಳು, "ಅಕ್ಕಾ, ಬಂದೀನಿ ನೋಡ" ಎಂದು ಕೂಗಿದಳು, ಹೋದಳು.

ಸಂಜೆ ಅಜಿತರಿಗೆ ಫೋನ್ ಬಂತು. "ನಿಮ್ಮಾಯಿ ನನ್ನ ಮನಿ ಮುಂದ ಮೆರವಣಿಗಿ ತಕ್ಕೊಂಡು ಹೋದ್ಲು. ಶ್ರೀಖಂಡ ತೋರಿಸಿ ಒಯ್ದಾಳ. ಇನ್ನ ನನಗ ತಂಗಿ ಇಲ್ಲ ಅಂತ ಹೇಳಿಬಿಡು." ಆಮೇಲೆ ಅವರು ನಮ್ಮ ಯಾರ ಫೋನನ್ನೂ ಎತ್ತಲಿಲ್ಲ. ಆಯಿ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಅಭಂಗವಂತೂ ಇಲ್ಲವೇ ಇಲ್ಲ. ನಿಮ್ಮ ನಿಯಮಾವಳಿಯಲ್ಲಿ ಈ ನಷ್ಟ ಯಾವ ಭಾಗದಡಿ ಬರುತ್ತದೆ ಎಂದು ಹುಡುಕಿದೆ. ರಬ್ಬರ್ ಭಾಗಗಳಿಗೆ ರಕ್ಷಣೆಯಿಲ್ಲ ಎಂದಿದೆ. ಅಕ್ಕತಂಗಿಯರ ಬಗ್ಗೆ ಏನೂ ಇಲ್ಲ.

ಆಗಲೇ ನಾನು ಆನ್‌ಲೈನಿನಲ್ಲಿ ಆ "ಅನಧಿಕೃತ ಉಪಕರಣ"ವನ್ನು ತರಿಸಿದ್ದು. ಅದರ ಹೆಸರು ಸ್ಕ್ಯಾನರ್; ಬೆಂಕಿಪೆಟ್ಟಿಗೆಗಿಂತ ಸ್ವಲ್ಪ ದೊಡ್ಡದಾದ ಡಬ್ಬಿ, ಒಂದು ಮೋಟು ವೈರು. ಸೀಟಿನ ಕೆಳಗೆ ಕಂಪನಿಯೇ ಇಟ್ಟ ಕೆಂಪು ಪ್ಲಗ್ಗಿಗೆ ಅದನ್ನು ಸಿಕ್ಕಿಸಿದರೆ, ಬೈಕು ತನಗೇನಾಗಿದೆ ಎಂಬುದನ್ನು ಮೊಬೈಲಿಗೆ ಹೇಳುತ್ತದೆ. ಯಾರೂ ಏನನ್ನೂ ಸಿಕ್ಕಿಸಬಾರದು ಎಂದಿದ್ದರೆ ಆ ಪ್ಲಗ್ಗನ್ನು ಏಕೆ ಇಟ್ಟಿರಿ ಎಂದು ನಾನು ಕೇಳುವುದಿಲ್ಲ. ಕೇಳಿದರೆ ಅದಕ್ಕೂ ಎರಡು ವಾಕ್ಯದ ಉತ್ತರ ಬರುತ್ತದೆ.

ಅಂಗಳದಲ್ಲಿ ನಾನು, ಆಯಿ. ಬಾಗಿಲ ಹಿಂದಿನಿಂದ ಅಜಿತ. ಮೊಬೈಲಿನ ಪರದೆಯ ಮೇಲೆ ಒಂದೇ ಒಂದು ಕೋಡ್ ಮೂಡಿತು: ಪಿ ಸೊನ್ನೆ ಒಂದು ಒಂದು ಮೂರು. ಇಂಜಿನ್ನಿಗೆ ಹೋಗುವ ಗಾಳಿ ಎಷ್ಟು ಬಿಸಿ ಇದೆ ಎಂದು ನೋಡುವ ಸೆನ್ಸರ್ ಮಾತಾಡುತ್ತಿಲ್ಲ ಎಂದು ಅದರ ಅರ್ಥ. ಗಾಳಿಯ ಉಷ್ಣತೆಯ ಸಾಲಿನಲ್ಲಿ ಬೈಕು ತೋರಿಸುತ್ತಿದ್ದುದು ಮೈನಸ್ ನಲವತ್ತು ಡಿಗ್ರಿ. ಆ ಹೊತ್ತಿಗೆ ನಮ್ಮ ಅಂಗಳದಲ್ಲಿ ಹಪ್ಪಳ ಒಣಗುತ್ತಿದ್ದವು.

ಆಯಿ ಬಗ್ಗಿ ಓದಿದರು. ಟ್ಯಾಂಕಿನ ಮೇಲೆ ಅಂಗೈ ಇಟ್ಟು ನೋಡಿ, ಚುರ್ರೆಂದಿದ್ದಕ್ಕೆ ಹಿಂದೆ ತೆಗೆದರು.

"ಮೈನಸ್ ಅಂದ್ರ ಸೊನ್ನಿಗಿಂತ ಕೆಳಗ ಅಲ್ಲೇನು?"

"ಹೌದು, ಆಯಿ."

"ಪಾಪ. ಹಿಮಾಲಯದಾಗ ಅದೀನಿ ಅಂತ ತಿಳಕೊಂಡದ ಅದು. ಥಂಡಿಗೆ ಸಿಕ್ಕಾಪಟ್ಟಿ ಪೆಟ್ರೋಲ್ ಕುಡಿಲಿಕ್ಕತ್ತದ."

ಲ್ಯಾಪ್‌ಟಾಪಿಗಾಗಿ ಮೂರು ವಾರ ಕಾಯ್ದ ರೋಗನಿರ್ಣಯವನ್ನು ನಿವೃತ್ತ ನರ್ಸೊಬ್ಬರು ಮೂರು ನಿಮಿಷದಲ್ಲಿ ಮುಗಿಸಿದರು. ಸೆನ್ಸರ್ ಎಲ್ಲಿದೆ ಎಂದು ವಿಡಿಯೋ ನೋಡಿ ತಿಳಿದುಕೊಂಡೆ. ಏರ್ ಫಿಲ್ಟರ್ ಡಬ್ಬಿಯ ಪಕ್ಕದಲ್ಲಿ ಅದರ ಪ್ಲಗ್ ಪೂರಾ ಕೂಡದೆ ಸಡಿಲವಾಗಿ ಜೋತಾಡುತ್ತಿತ್ತು. ಸರ್ವಿಸ್ ಮಾಡುವಾಗ ಫಿಲ್ಟರ್ ಬಿಚ್ಚಿದವರು ಮರಳಿ ಒತ್ತಿರಲಿಲ್ಲ. ಹೆಬ್ಬೆರಳಿನಿಂದ ಒತ್ತಿದೆ. ಟಕ್ ಎಂದಿತು. ಪರದೆಯ ಮೇಲೆ ಮೈನಸ್ ನಲವತ್ತು ಹೋಗಿ ನಲವತ್ತಮೂರು ಬಂತು. ದೀಪ ಆರಿತು. ಮಾನ್ಯರೇ, ನೀವು "ವಾಹನದ ವ್ಯವಸ್ಥೆಯಲ್ಲಿ ಹಸ್ತಕ್ಷೇಪ" ಎಂದು ಇನ್ನೊಂದು ಕಾಗದದಲ್ಲಿ ಬರೆದದ್ದು ಇದೇ ಹೆಬ್ಬೆರಳಿನ ಕುರಿತು. ಹಸ್ತ ಎಂಬುದು ಉತ್ಪ್ರೇಕ್ಷೆ.

ಮುಂದಿನ ರವಿವಾರ ಹೊಸ ಶ್ರೀಖಂಡದ ಡಬ್ಬಿ ಹಿಡಿದು, ಫೋನ್ ಮಾಡದೆಯೇ ಅನಗವಾಡಿಗೆ ಹೋದೆವು. ಬೈಕು ಒಮ್ಮೆಯೂ ಕೆಮ್ಮಲಿಲ್ಲ. ಮಾವಶಿಯ ಬಾಗಿಲ ಮುಂದೆ ನಿಲ್ಲಿಸಿ, ಇಂಜಿನ್ ಬಂದ್ ಮಾಡಿ, ಕೀಲಿ ತೆಗೆದು ಎತ್ತಿ ತೋರಿಸಿದೆ. ಅವರು ಕಿಟಕಿಯಿಂದ ನೋಡಿದರು. ಆಮೇಲೆ ಚಿಲಕದ ಸದ್ದಾಯಿತು.

"ಇವತ್ತರೆ ಇಳೀತಿಯೋ, ಹಂಗ ಕೈ ಬೀಸಿ ಹೋಗ್ತಿಯೋ?"

ಆಯಿ ಇಳಿದರು. ಇಳಿಯುವಾಗ ಮಾವಶಿಯೇ ಬಂದು ಕೈ ಹಿಡಿದರು. ಒಳಗೆ ಹೋದ ಮೇಲೆ ಮಾವಶಿ ಶ್ರೀಖಂಡದ ಒಂದು ಚಮಚ ಬಾಯಿಗಿಟ್ಟು, ಕಣ್ಣು ಮುಚ್ಚಿ, "ಹುಳೀನೇ ಅದ" ಎಂದರು. ಎಂದು ಎರಡು ಬಟ್ಟಲು ತಿಂದರು. ಆಯಿ ನಕ್ಕು ನಕ್ಕು ಅತ್ತರು, ಅಥವಾ ಅತ್ತು ಅತ್ತು ನಕ್ಕರು. ನಾನು ಗುಮಾಸ್ತೆಯಾದರೂ ಅದನ್ನು ಸರಿಯಾಗಿ ದಾಖಲಿಸಿಕೊಳ್ಳಲಾಗಲಿಲ್ಲ.

ಇಲ್ಲಿಗೆ ಮುಗಿಯಬೇಕಿತ್ತು. ಆದರೆ ನನ್ನ ಪ್ರಾಮಾಣಿಕತೆ ಅಡ್ಡ ಬಂತು. ಇನ್ನೊಬ್ಬರ ಪ್ಲಗ್ಗಾದರೂ ಸರಿಯಾಗಿ ಕೂಡಲಿ ಎಂದು ಸೇವಾ ಕೇಂದ್ರಕ್ಕೆ ಹೋಗಿ ಎಲ್ಲವನ್ನೂ ಹೇಳಿದೆ. ಜ್ಞಾನೇಶ್ವರ ಕೇಳಿಸಿಕೊಳ್ಳುತ್ತಲೇ ಕಂಪ್ಯೂಟರಿನಲ್ಲಿ ಟೈಪ್ ಮಾಡಿದ. ಮಾಡಿದ ಮೇಲೆ ಅವನ ಮುಖ ಬಾಡಿತು. "ಮೇಡಂ, ಸ್ಕ್ಯಾನರ್ ಅಂತ ನೀವು ಹೇಳಬಾರದಿತ್ರಿ. ಬರದ್ಬಿಟ್ನಿ. ಇದು ಅಳಸಾಕ ಬರಂಗಿಲ್ಲ." ಪ್ಲಗ್ ಒತ್ತಲು ಮರೆತವರ ಮೇಲೆ ಯಾವ ಕ್ರಮವೂ ಇಲ್ಲ. ಒತ್ತಿದವಳ ಮೇಲೆ ಇದೆ.

ನಮ್ಮ ಮನೆಯಲ್ಲಿ ಥರ್ಮಾಮೀಟರ್ ಇದೆ. ಆಯಿಗೆ ಬಿಪಿ ನೋಡುವ ಯಂತ್ರವೂ ಇದೆ. ಜ್ವರ ನೂರಾ ಎರಡು ಇತ್ತು ಎಂದು ಹೇಳಿದರೆ ಡಾಕ್ಟರು, "ಹಾಗಾದರೆ ಇನ್ನು ನೀವು ನನ್ನ ಪೇಶಂಟ್ ಅಲ್ಲ" ಎನ್ನುತ್ತಾರೆಯೇ? ಓದುವುದು ಬೇರೆ, ರಿಪೇರಿ ಬೇರೆ. ಸ್ಕ್ಯಾನರ್ ಸರ್ವಜ್ಞನೇನಲ್ಲ ಎಂಬುದೂ ನಮಗೆ ಗೊತ್ತು. ಸುದ್ದಿ ಕೇಳಿ ಚಿಮ್ಮಡದ ಹುಲೆಪ್ಪ ತಮ್ಮ ಬೈಕನ್ನು ಟಂಟಂ ರಿಕ್ಷಾದಲ್ಲಿ ಹೇರಿಕೊಂಡು ನಮ್ಮಲ್ಲಿಗೆ ಬಂದಿದ್ದರು. ಆಯಿ ಡಬ್ಬಿ ಸಿಕ್ಕಿಸಿ ನೋಡಿ, ದೋಷ ಒಂದೂ ಇಲ್ಲ ಎಂದರು. "ಮತ್ತ್ಯಾಕ ಚಾಲೂ ಆಗವಲ್ದ್ರಿ, ಆಯಾರ?" ಎಂದು ಹುಲೆಪ್ಪ ಕೇಳಿದರು. ಆಯಿ ಟ್ಯಾಂಕಿನ ಮುಚ್ಚಳ ತೆಗೆದು ಒಳಗೆ ನೋಡಿದರು. ಪೆಟ್ರೋಲ್ ಇರಲಿಲ್ಲ. ಅದಕ್ಕೆ ಕೋಡ್ ಇಲ್ಲ, ಕಣ್ಣು ಬೇಕು.

ಈಗ ಮುಖ್ಯ ವಿಷಯ. ನನ್ನ ಮೇಲ್ಮನವಿಯ ಮೇಲೆ ನೀವು ಒಬ್ಬ ತಪಾಸಣಾಧಿಕಾರಿಯನ್ನು ಕಳುಹಿಸಿದಿರಿ. ಸಜ್ಜನರು. ಶನಿವಾರ ಬೆಳಿಗ್ಗೆ ಕಂಪನಿಯದೇ ಬೈಕಿನಲ್ಲಿ ಬಂದು, ಸ್ಕ್ಯಾನರಿನ ಆರು ಫೋಟೋ ತೆಗೆದು, ನನ್ನ ಹೇಳಿಕೆ ಬರೆದುಕೊಂಡು, ಸಹಿ ಪಡೆದು, ಹೊರಡಲು ಬೈಕು ಹತ್ತಿದರು. ಅದು ಚಾಲೂ ಆಗಲಿಲ್ಲ. ಹಳದಿ ದೀಪ ಮಾತ್ರ ಉರಿಯುತ್ತಿತ್ತು. ಆಯಿ ಆಗಲೇ ಸ್ಕ್ಯಾನರಿನ ಡಬ್ಬಿ ಹಿಡಿದು ಮೆಟ್ಟಿಲಿಳಿದಿದ್ದರು.

"ಬ್ಯಾಡ್ರಿ ತಾಯಿ. ನಿಯಮ ಅದಾವ್ರಿ."

ಅಧಿಕಾರಿಗಳು ಸೇವಾ ಕೇಂದ್ರಕ್ಕೆ ಫೋನ್ ಮಾಡಿದರು. ಲ್ಯಾಪ್‌ಟಾಪ್ ಇನ್ನೂ ಬಂದಿರಲಿಲ್ಲ. ಒಂದು ಕಪ್ ಚಹಾ ಕುಡಿದರು. ಮತ್ತೊಮ್ಮೆ ಬಟನ್ ಒತ್ತಿದರು. ಇನ್ನೊಂದು ಕಪ್ ಚಹಾ ಕುಡಿದರು. ಆಮೇಲೆ ಎದ್ದು, "ನಾ ಸ್ವಲ್ಪ ಆ ಕಡೆ ಮುಖ ಮಾಡಿ ನಿಂತಿರ್ತೀನ್ರಿ" ಎಂದು ನಮ್ಮ ಗೋಡೆಯ ಕಡೆ ತಿರುಗಿ ನಿಂತರು. ಆಯಿ ಸಿಕ್ಕಿಸಿದರು, ಓದಿದರು. ಬ್ಯಾಟರಿಯ ವೋಲ್ಟೇಜ್ ಸಾಲದು ಎಂದಿತ್ತು. ಬ್ಯಾಟರಿಯ ಒಂದು ವೈರು ಸಡಿಲಾಗಿತ್ತು. ನಾನು ತಿರುವಿ ಬಿಗಿ ಮಾಡಿದೆ, ಬೈಕು ಚಾಲೂ ಆಯಿತು. ಅವರು ಗೋಡೆಗೇ "ಉಪಕಾರಾತ್ರಿ" ಎಂದು ಹೇಳಿ ಹೊರಟರು. ಹತ್ತು ದಿನದ ನಂತರ, ಅವರ ವರದಿಯ ಆಧಾರದ ಮೇಲೆ, ನನ್ನ ಮೇಲ್ಮನವಿಯನ್ನು ನೀವು ವಜಾ ಮಾಡಿದಿರಿ.

ಆದ್ದರಿಂದ ನನ್ನ ಬೇಡಿಕೆ ಇಷ್ಟೇ. ಅನಧಿಕೃತ ಉಪಕರಣದ ಸಂಪರ್ಕದಿಂದ ವಾರಂಟಿ ಹೋಗುತ್ತದೆ ಎಂಬುದು ನಿಯಮವಾದರೆ, ನಿಮ್ಮ ಕಂಪನಿಯ ಆ ಬೈಕಿನ ವಾರಂಟಿಯೂ ಆ ಶನಿವಾರ ಹನ್ನೊಂದೂವರೆಗೆ ಹೋಗಿದೆ. ಅದರ ನೋಂದಣಿ ಸಂಖ್ಯೆ ನನ್ನಲ್ಲಿದೆ. ಹದಿನೈದು ದಿನಗಳೊಳಗೆ ಎರಡೂ ಬೈಕುಗಳ ವಾರಂಟಿ ರದ್ದು ಮಾಡಿ, ಇಲ್ಲವೇ ಎರಡನ್ನೂ ಉಳಿಸಿ. ಆ ಅಧಿಕಾರಿಯನ್ನು ಮಾತ್ರ ಏನೂ ಕೇಳಬೇಡಿ. ಕೇಳಿದರೆ, ತಾವು ಗೋಡೆ ನೋಡುತ್ತಿದ್ದುದಾಗಿ ಹೇಳುತ್ತಾರೆ. ಅದು ನಿಜ, ನಾನು ಸಾಕ್ಷಿ.

ಇಂತಿ,
ನಿಮ್ಮ ಕಾಗದಗಳಲ್ಲಿ ದೋಷಿ, ತನ್ನ ಬೈಕಿನಲ್ಲಿ ನಿರ್ದೋಷಿಯಾದ,
ಹರ್ಷದಾ ಅಜಿತ ಲಿಮಯೆ
ಜಮಖಂಡಿ