ಕನ್ನಡಿಯ ಹಿಂದಿನ ಕಾಗದ

ಅಕ್ಕಾ,

ಈ ಕೋಳಿಕಾಲಿನ ಅಕ್ಷರ ನೋಡಿದ ಕೂಡಲೇ ಯಾರದೆಂದು ಗೊತ್ತಾಗಿರುತ್ತದೆ. ಎರಡು ವರ್ಷದ ಮೇಲೆ ಇವಳಿಗೆ ನನ್ನ ನೆನಪು ಬಂತೇ ಎಂದು ಮೂಗು ಮುರಿಯುವುದಾದರೆ ಮುರಿಯಿರಿ. ಆದರೆ ಪೂರ್ತಿ ಓದಿ ಮುರಿಯಿರಿ.

ನಮ್ಮ ಹೊಲಿಗೆ ಶೆಡ್ಡಿನಲ್ಲಿ ಆ ಕನ್ನಡಿ ಹಾಕಿದ್ದು ನೀವೆಲ್ಲ ಮನೆಗೆ ಹೊರಡುವ ಮುಂಚೆ ತಲೆ ಬಾಚಿಕೊಳ್ಳಲಿ ಅಂತಲ್ಲ. ಕಾರ್ಮಿಕ ಇಲಾಖೆಯ ಇನ್ಸ್‌ಪೆಕ್ಟರ್ ಬಂದು, ಸರ್ಕಾರ ಗೊತ್ತುಮಾಡಿದ ಕನಿಷ್ಠ ಕೂಲಿಯ ಪಟ್ಟಿಯನ್ನು ಕೆಲಸದವರ ಕಣ್ಣಿಗೆ ಬೀಳುವ ಜಾಗದಲ್ಲಿ ಅಂಟಿಸಲೇಬೇಕು ಎಂದು ಹೇಳಿ, ಒಂದು ಪ್ರತಿ ಕೈಗೆ ಕೊಟ್ಟರು. ನೀವೆಲ್ಲ ಕೆಲಸ ಮುಗಿಸಿ ಹೋಗಿದ್ದ ಹೊತ್ತು. ಅವರೆದುರೇ ಅಂಟಿಸಿದೆ. ಅವರ ಸ್ಕೂಟರ್ ತಿರುವು ದಾಟಿದ ಮೇಲೆ ಪೇಟೆಗೆ ಹೋಗಿ ಕನ್ನಡಿ ತಂದು, ಅದರ ಮೇಲೆಯೇ ಮೊಳೆ ಹೊಡೆದು ತೂಗುಹಾಕಿದೆ. ಮರುದಿನ ನಿಮ್ಮ ಸಂಭ್ರಮವೋ ಸಂಭ್ರಮ. "ನಮ್ ತಂಗಿಗೆ ಹೆಂಗಸ್ರ ಕಷ್ಟ ಗೊತ್ತು ಕಣ್ರೇ" ಎಂದಿರಿ. ನಾನು ಹಲ್ಲು ಕಿರಿದು ನಿಂತೆ.

ನನಗೆ ಸೂಜಿ ಹಿಡಿಯಲು, ಗುಂಡಿ ತೂರುವ ಕಾಜ ಹೊಲಿಯಲು ಕಲಿಸಿದವರು ನೀವು. ನಾಲ್ಕು ಮೆಷಿನ್ ಇಟ್ಟು ಸ್ವಂತ ಶೆಡ್ಡು ಶುರುಮಾಡಿದಾಗ ದೊಡ್ಡ ಅಂಗಡಿಯ ಕೆಲಸ ಬಿಟ್ಟು ನನ್ನ ಹಿಂದೆ ಬಂದಿರಿ. ನಾನು ಕೊಟ್ಟದ್ದೇನು? ಒಂದು ಕಾಜಕ್ಕೆ ಇಷ್ಟು ಎಂಬ ಲೆಕ್ಕ. ಬಟ್ಟೆಯ ಗಾಡಿ ಬಾರದ ದಿನ ಮಧ್ಯಾಹ್ನದವರೆಗೆ ನೂಲಿನ ಚೂರು ಗುಡಿಸಿ ಬರಿಗೈಯಲ್ಲಿ ಮನೆಗೆ ಹೋಗುತ್ತಿದ್ದಿರಿ. "ಬಟ್ಟೆ ಇಲ್ದಿದ್ರೆ ನೀನಾದ್ರೂ ಏನ್ ಮಾಡ್ತೀಯಾ?" ಎಂದು ನನ್ನನ್ನೇ ಸಮಾಧಾನ ಮಾಡುತ್ತಿದ್ದಿರಿ. ಕಾನೂನು ಹಾಗನ್ನುವುದಿಲ್ಲ ಅಕ್ಕಾ. ಕಾಜದ ಲೆಕ್ಕವಾದರೂ ದಿನದ ಕೂಲಿ ಕನಿಷ್ಠಕ್ಕಿಂತ ಕೆಳಗೆ ಇಳಿಯಕೂಡದು. ಬಂದವರಿಗೆ ಕೆಲಸ ಕೊಡಲಾಗದಿದ್ದರೆ ಅದು ನನ್ನ ಪಾಡು, ಕೂಲಿ ಕೊಡಲೇಬೇಕು. ಹೊತ್ತು ಮೀರಿ ದುಡಿಸಿದ್ದಕ್ಕೆ ಎರಡರಷ್ಟು. ನೀವೇ ಒಪ್ಪಿಕೊಂಡಿದ್ದಿರಿ ಎಂದು ನಾನು ನುಣುಚಿಕೊಳ್ಳುವಂತೆಯೂ ಇಲ್ಲ. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿಲ್ಲದಿದ್ದರೆ ಕನ್ನಡಿ ಯಾಕೆ ತರುತ್ತಿದ್ದೆ?

ರಿಜಿಸ್ಟರಿನಲ್ಲಿ ಮಾತ್ರ ಪೂರ್ತಿ ಕೂಲಿ ಬರೆದು ನಿಮ್ಮ ಮುಂದೆ ಹಿಡಿಯುತ್ತಿದ್ದೆ. "ನೀನು ಬರ್ದ ಮೇಲೆ ನಾನ್ ಓದೋದೇನಿದೆ? ಎಲ್ಲಿ ಸಹಿ ಹಾಕ್ಲಿ ಹೇಳು" ಎನ್ನುತ್ತಿದ್ದಿರಿ. ಹತ್ತಿರದ ಅಕ್ಷರ ನಿಮಗೆ ಆಗಲೇ ಮಂಜಾಗಿತ್ತು. ಕನ್ನಡಕ ಯಾವಾಗ ಎಂದರೆ "ಬರೋ ತಿಂಗಳು". ಆ ತಿಂಗಳು ಯಾವ ಕ್ಯಾಲೆಂಡರಿನಲ್ಲಿದೆ ಅಕ್ಕಾ ಎಂದು ನಾನು ರೇಗಿಸುತ್ತಿದ್ದೆ.

ಆಮೇಲೆ ಆ ದಿನ. ಕನ್ನಡಿಯ ಹುರಿ ಸವೆದಿದೆ, ಯಾರ ಕಾಲ ಮೇಲಾದರೂ ಬಿದ್ದೀತು ಎಂದು ನೀವೇ ಇಳಿಸಿದಿರಿ. ಉಳಿದವರು ಚಹಾಕ್ಕೆ ಹೋಗಿದ್ದರು. ನಾನು ಕಟಿಂಗ್ ಮೇಜಿನ ಹತ್ತಿರ ಕತ್ತರಿ ಹಿಡಿದು ನೋಡುತ್ತಿದ್ದೆ. ನೀವು ಕಣ್ಣು ಕಿರಿದುಮಾಡಿ, ತಲೆ ಹಿಂದಕ್ಕೆ ವಾಲಿಸಿ, ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು ಓದಿದಿರಿ. ಕಾಜದವರ ಸಾಲಿಗೆ ಬಂದಾಗ ಬೆರಳು ನಿಂತಿತು. ತಿರುಗಿ ಬೈಯುತ್ತೀರಿ ಎಂದುಕೊಂಡೆ. ನೀವು ಹೊಸ ಹುರಿ ಕಟ್ಟಿ, ಕನ್ನಡಿಯನ್ನು ಮತ್ತೆ ಅಲ್ಲೇ ಹಾಕಿ, ಸೊಟ್ಟಗಿದ್ದುದನ್ನು ನೆಟ್ಟಗೆ ಮಾಡಿದಿರಿ. ಆಗ ನನ್ನ ಮನಸ್ಸಿಗೆ ಬಂದದ್ದು ಒಂದೇ ಮಾತು: ಸದ್ಯ, ಬಚಾವಾದೆ. 

ಆ ಶನಿವಾರ ನಿಮ್ಮ ಸಣ್ಣ ಕತ್ತರಿಯನ್ನೂ ಬೆರಳಿನ ಟೋಪಿಯನ್ನೂ ಚೀಲಕ್ಕೆ ಹಾಕಿಕೊಂಡಿರಿ. "ಕಣ್ಣು ಕಾಣ್ಸಲ್ಲ ತಂಗಿ, ಇನ್ನು ಸಾಕು" ಎಂದಿರಿ. ನನ್ನ ತಪ್ಪನ್ನು ನಿಮ್ಮ ಕಣ್ಣಿನ ಮೇಲೆ ಹಾಕಿಕೊಂಡು ಹೋದಿರಿ. 

ಹೋದ ತಿಂಗಳು ನನಗೂ ಕನ್ನಡಕ ಬಂತು. ಅಂಗಡಿಯಲ್ಲಿ ಬೆಲೆಯನ್ನು ಎರಡೆರಡು ಸಲ ಕೇಳಿದೆ. ಜಾಸ್ತಿಯಾಯಿತು ಎಂದಲ್ಲ. ನಿಮ್ಮ ಒಂದು ತಿಂಗಳ ಕೂಲಿಯಲ್ಲಿ ನಾನು ಹಿಡಿದಿಟ್ಟುಕೊಳ್ಳುತ್ತಿದ್ದುದಕ್ಕಿಂತ ಅದು ಕಡಿಮೆಯಿತ್ತು.

ಕನ್ನಡಿ ಈಗ ಹಿಂಬಾಗಿಲ ಹತ್ತಿರ ಇದೆ. ಹೊಸ ದರದ ಪಟ್ಟಿ ಒಳಗೆ ಬರುವಾಗಲೇ ಎದುರಿಗೆ ಸಿಗುತ್ತದೆ. ಎಲ್ಲರಿಗೂ ತಿಂಗಳಿಗೊಂದು ಕೂಲಿ ಚೀಟಿ ಕೊಡುತ್ತಿದ್ದೇನೆ. ಇಸ್ತ್ರಿ ಯಂತ್ರಕ್ಕೆಂದು ಕೂಡಿಟ್ಟದ್ದರಲ್ಲಿ ಎಲ್ಲರ ಹಳೆಯ ಬಾಕಿ ತೀರಿಸಿದೆ. ಗುಂಡಿ ಹಚ್ಚುವವಳು ಹಣ ಎಣಿಸಿಕೊಂಡು, ಬಾಯಿಗೆ ಬಂದಂತೆ ಬೈದು, ಆಮೇಲೆ ನಿಮ್ಮ ವಿಳಾಸ ಕೊಟ್ಟಳು. ನಿಮ್ಮ ಹಣವೂ ಈ ಕಾಗದವೂ ಅವಳ ಕೈಯಲ್ಲೇ ಬರುತ್ತಿವೆ.

"ಬೇಡ ತಂಗಿ" ಎನ್ನಬೇಡಿ. ಇದು ಉಪಕಾರವಲ್ಲ, ನಿಮ್ಮದೇ ದುಡಿಮೆ. ಕ್ಷಮಿಸಿ ಎಂದು ಕೇಳುವ ಮುಖ ನನಗಿಲ್ಲ. ಮೊದಲು ಕನ್ನಡಕ ಮಾಡಿಸಿಕೊಳ್ಳಿ. ಅದನ್ನು ಹಾಕಿಕೊಂಡು ಜೊತೆಗಿರುವ ಬಾಕಿ ಲೆಕ್ಕದ ಚೀಟಿಯ ಪ್ರತಿ ಸಾಲನ್ನೂ ಓದಿ. ತಪ್ಪಿದ್ದರೆ ಹೇಳಿಕಳಿಸಿ, ನನ್ನ ಮೇಲೆ ನಂಬಿಕೆಯಿಲ್ಲದಿದ್ದರೆ ಇನ್ಸ್‌ಪೆಕ್ಟರ್ ಕಚೇರಿಯ ವಿಳಾಸ ಚೀಟಿಯ ಹಿಂದೆ ಬರೆದಿದ್ದೇನೆ. ಎಲ್ಲ ಸರಿಯಿದ್ದರೆ ಮಾತ್ರ ಸಹಿ ಹಾಕಿ.

ನಿಮ್ಮ ಕಣ್ಣು ತಂಪಾಗಿರಲಿ ಅಕ್ಕಾ. ನಾನು ಬರೆದೆ ಎಂಬ ಒಂದೇ ಕಾರಣಕ್ಕೆ ಇದನ್ನು ನಂಬಬೇಡಿ.

ನಿಮ್ಮಿಂದ ಸೂಜಿ ಹಿಡಿಯಲು ಕಲಿತವಳು