ನಾಲ್ಕನೇ ಚಕ್ರದ ಸೀಮೆಸುಣ್ಣ

ಮನೆ, ಅಡುಗೆಮನೆಯ ಕಿಟಕಿ ಪಕ್ಕ
ತಾರೀಖು ಇಪ್ಪತ್ತಾರು, ಶುಕ್ರವಾರ ಬೆಳಿಗ್ಗೆ

ನಮ್ಮನೆ ಯಜಮಾನರಿಗೆ,

ಸೊಂಟ ನೋವು ಹೇಗಿದೆ? ಸುರಂಗದ ಧೂಳಿಗೆ ಕೆಮ್ಮು ಹತ್ತಿಲ್ಲ ತಾನೆ? ಮಾತ್ರೆಯನ್ನು ಊಟ ಆದಮೇಲೆ ನುಂಗಿ, ಮೊದಲೇ ನುಂಗಿ ಹೊಟ್ಟೆ ಉರಿ ಅನ್ನಬೇಡಿ. ಕೇಳಬೇಕಾದ್ದನ್ನು ಕೇಳಿದ್ದಾಯಿತು. ಇನ್ನು ಬರೆಯುವುದೆಲ್ಲ ಸಿಟ್ಟಿನಲ್ಲಿ ಬರೆಯುವುದು, ಕೂತು ಓದಿ.

ಬೆಳಗಿನ ಜಾವ ಕೆಟ್ಟ ಕನಸು ಬಿತ್ತು. ದೊಡ್ಡ ಬಯಲು, ಅದರ ತುಂಬ ಕೆಂಪು ಕೋನ್‌ಗಳು. ಒಂದೊಂದಕ್ಕೂ ನಿಮ್ಮದೇ ಮುಖ, ನಿಮ್ಮದೇ ಮೀಸೆ. ನಾನು ಬ್ರೇಕ್ ಒತ್ತುತ್ತೇನೆ, ಪೆಡಲ್ ಕೆಳಗೆ ಆಲೂಗಡ್ಡೆ ಸಿಕ್ಕಿಕೊಂಡಿದೆ, ಕಾಲು ಇಳಿಯುವುದಿಲ್ಲ. ಕೋನ್‌ಗಳೆಲ್ಲ ಒಟ್ಟಿಗೆ "ಎಮ್ಮೆ ಬಂತು, ದಾರಿ ಬಿಡಿ" ಎಂದು ನಗುತ್ತವೆ. ಬೆವತು ಎದ್ದು ಕೂತೆ. ಅತ್ತೆಗೆ ಹೇಳಿದರೆ, "ಒಂದನ್ನಾದ್ರೂ ಗುದ್ದಿ ಬರಬೇಕಿತ್ತು ಕಣೆ" ಅಂದರು. ನಿಮ್ಮ ಹೆತ್ತ ತಾಯಿ ಅಂದದ್ದು, ನಾನು ಸೇರಿಸಿದ್ದಲ್ಲ.

ಈ ಕನಸು ಯಾಕೆ ಬಿತ್ತು ಅಂತ ನಿಮಗೇ ಗೊತ್ತು. ನಾಡಿದ್ದು ಭಾನುವಾರ ಆ ಆಟೋಕ್ರಾಸ್ ಕ್ಲಾಸು. ಬಯಲಿನಲ್ಲಿ ಕೋನ್ ನಿಲ್ಲಿಸಿ, ಒಂದೊಂದೇ ಕಾರು ಬಿಟ್ಟು, ಒಂದನ್ನೂ ಬೀಳಿಸದೆ ಹಾವಿನ ಹಾಗೆ ಸುತ್ತಿ ಬಾ ಅಂತ ಗಡಿಯಾರ ಹಿಡಿದು ನಿಲ್ಲುತ್ತಾರಂತೆ. ಹೊಸಬರಿಗೆ ಇಡೀ ದಿನ ಪಾಠ. ಈ ಕ್ಲಾಸಿಗೆ ನನ್ನ ಹೆಸರು ಬರೆಸುವ ಮೊದಲು ನನ್ನನ್ನು ಒಂದು ಮಾತು ಕೇಳಿದಿರಾ? ಟೈಲರ್ ಅಂಗಡಿ ಮೆಟ್ಟಿಲಿಗೆ ಒಮ್ಮೆ ಬಂಪರ್ ಸವರಿದ್ದು ನಿಜ. ಅದಕ್ಕೆ ನಿಮ್ಮ ಅಕ್ಕ ಭಾವನ ಎದುರಿಗೆ "ಇವಳ ಕಾರನ್ನ ಎಮ್ಮೇನೂ ಓವರ್‌ಟೇಕ್ ಮಾಡುತ್ತೆ" ಅಂದಿರಿ. ಭಾವ ಚಹಾ ಉಗುಳಿಕೊಂಡು ನಕ್ಕರು. ಆ ಕಲೆ ದಿಂಬಿನ ಕವರಿನಿಂದ ಇನ್ನೂ ಹೋಗಿಲ್ಲ. ನನ್ನ ಮನಸ್ಸಿನಿಂದಲೂ ಹೋಗಿಲ್ಲ.

ಸುದ್ದಿಯನ್ನು ಹೇಳಿದ್ದಾದರೂ ಯಾವಾಗ? ಏಳನೇ ತಾರೀಖು, ನೀವು ಸುರಂಗದ ಕೆಲಸಕ್ಕೆ ಹೊರಡುವ ದಿನ, ಕಾರಿನ ಮುಂದಿನ ಚಕ್ರ ಹಿಂದಕ್ಕೆ, ಹಿಂದಿನದು ಮುಂದಕ್ಕೆ ಹಾಕುತ್ತ, ತಲೆ ಎತ್ತದೆ ಹೇಳಿದಿರಿ. "ನನ್ನ ಕೇಳದೆ ಎತ್ತಿ ಹಾಕೋಕೆ ನಾನೇನು ನಿಮ್ಮ ಸ್ಟೆಪ್ನಿನಾ?" ಅಂದೆ. ಅಂದದ್ದು ಅಂದೆ, ಈಗಲೂ ಅನ್ನುತ್ತೇನೆ. ಸ್ಪ್ಯಾನರ್ ಎತ್ತಿಕೊಂಡು ನೀವು ಓಡಿಸುವ ಕಂಪನಿ ವ್ಯಾನಿನ ಕಡೆ ನಡೆದಿರಿ. ಅದರ ಚಕ್ರಗಳನ್ನೂ ಹಾಗೇ ಬದಲಿಸಿ, ಬಡಿಸಿಟ್ಟ ಊಟ ಮುಟ್ಟದೆ ಹೊರಟೇ ಹೋದಿರಿ. ಅಲ್ಲಿ ಫೋನಿಗೆ ಸಿಗ್ನಲೂ ಇಲ್ಲ. ಹತ್ತೊಂಬತ್ತು ದಿನದಿಂದ ಈ ಜಗಳವನ್ನು ಒಬ್ಬಳೇ ಆಡುತ್ತಿದ್ದೇನೆ, ಎರಡೂ ಕಡೆಯ ಮಾತು ನಾನೇ ಆಡಬೇಕು.

ಕ್ಲಾಸಿಗೆ ಹೋಗುವುದೇ ಇಲ್ಲ ಅಂತಿದ್ದೆ. ಆಮೇಲೆ ಯೋಚಿಸಿದೆ, ಹೋಗದಿದ್ದರೆ ಎಮ್ಮೆ ಹೆದರಿಕೊಂಡಿತು ಅಂತ ಅದನ್ನೂ ಭಾವನಿಗೆ ಬಡಿಸುತ್ತೀರಿ. ಹೋಗುತ್ತೇನೆ. ಕ್ಲಾಸಿನವರು ಒಂದು ಹಾಳೆ ಕಳಿಸಿದ್ದಾರೆ. ಏಳನೇ ಕ್ಲಾಸಿನ ಅರ್ಧಕ್ಕೆ ಶಾಲೆ ಬಿಟ್ಟವಳು ನಾನು. ಬೆರಳಿಟ್ಟು ಓದಿದೆ, ಮಗಳ ಕೈಲಿ ಇನ್ನೊಮ್ಮೆ ಓದಿಸಿದೆ, ಆದರೂ ಸಮಾಧಾನವಿಲ್ಲದೆ ಅಲ್ಲಿಯ ಮೇಡಮ್ಮಿಗೆ ಮೂರು ಸಲ ಫೋನ್ ಮಾಡಿದೆ. ಚಪ್ಪಲಿ ಬೇಡ, ಶೂ ಬೇಕು. ಹೆಲ್ಮೆಟ್ ಬೇಕು. ಬ್ಯಾಟರಿ ಅಲ್ಲಾಡಬಾರದು. ಮೂರನೇ ಸಲ ಆಕೆ, "ಅಕ್ಕಾ, ಇಷ್ಟು ಹೆದರೋರು ಒಂದು ಕೋನನ್ನೂ ಬೀಳಿಸಲ್ಲ, ಬನ್ನಿ" ಅಂದಳು. ಗಂಡನ ಬಾಯಲ್ಲಿ ಹೀಗೊಂದು ಮಾತು ಯಾಕೆ ಬರುವುದಿಲ್ಲವೋ. ಹೆಲ್ಮೆಟ್ಟನ್ನು ಪಕ್ಕದ ಮನೆ ಪೇಂಟರ್ ಅಣ್ಣನಿಂದ ತಂದೆ. ಹಾಕಿಕೊಂಡರೆ ಉಸಿರು ಕಟ್ಟುತ್ತದೆ. ಅತ್ತೆ, "ಅದ್ರೊಳಗೆ ಎಷ್ಟು ಬೈದ್ರೂ ಹೊರಗೆ ಕೇಳ್ಸಲ್ಲ, ಅಭ್ಯಾಸ ಮಾಡ್ಕೋ" ಅಂದರು.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಕಾರಿನೊಳಗೆ ಉರುಳಾಡುವ ಸಾಮಾನು ಒಂದೂ ಇರಬಾರದು, ತಿರುವಿನಲ್ಲಿ ಬ್ರೇಕಿನ ಕೆಳಗೆ ಹೋದೀತು ಅಂತ ಹಾಳೆಯಲ್ಲಿದೆ. ನಿನ್ನೆ ಎಲ್ಲ ಖಾಲಿ ಮಾಡಿದೆ. ಮಗಳ ಪೆನ್ಸಿಲ್ಲು ನಾಲ್ಕು, ಹಿಡಿ ಮುರಿದ ಛತ್ರಿ, ನಿಮ್ಮ ಒಂಟಿ ಕಾಲುಚೀಲ, ಆಲೂಗಡ್ಡೆ ಒಂದು. ಬಾಗಿಲಿನ ಜೇಬಿನಲ್ಲಿ ನಿಮ್ಮ ಸೀಮೆಸುಣ್ಣದ ತುಂಡು. ಅದನ್ನು ನೋಡಿದ್ದೇ ಮಾವನವರು ಕಣ್ಣೆದುರು ಬಂದು ನಿಂತ ಹಾಗಾಯಿತು. ಲಾರಿ ಗ್ಯಾರೇಜಿನಲ್ಲಿ ಸವೆದ ಜೀವ. ಜಾಕ್ ಇಳಿಸಿ, ಸ್ಪ್ಯಾನರ್ ಮೇಲೆ ಕಾಲಿಟ್ಟು ಕೊನೆಯ ಬಿಗಿ ಕೊಟ್ಟ ಮೇಲೆ, ನಟ್ಟಿನಿಂದ ಚಕ್ರದವರೆಗೆ ಒಂದು ಗೀಟು ಎಳೆಯದೆ ಏಳುತ್ತಿರಲಿಲ್ಲ. "ಗೀಟಿಲ್ಲದ ಚಕ್ರ ನಮ್ಮನೇದಲ್ಲ" ಅನ್ನುತ್ತಿದ್ದರು, ನೀವೂ ಅದನ್ನೇ ಕಲಿತವರು. ನಟ್ಟು ಬಿಗಿ ಇದೆಯಾ ನೋಡಿ ಅಂತ ಹಾಳೆಯಲ್ಲೂ ಇತ್ತು. ಸುತ್ತು ಬಂದು ನೋಡಿದೆ. ಮೂರು ಚಕ್ರಕ್ಕೆ ಗೀಟಿದೆ. ಜಗಳದ ಹೊತ್ತಿಗೆ ನೀವು ಹಾಕುತ್ತಿದ್ದ ಮುಂದಿನ ಎಡಗಡೆಯದಕ್ಕೆ ಇಲ್ಲ.

ಬೆರಳಿಟ್ಟೆ, ರೀ. ನಟ್ಟು ಬಾಟಲಿ ಮುಚ್ಚಳದ ಹಾಗೆ ತಿರುಗಿತು. ನಾಲ್ಕರಲ್ಲಿ ಎರಡು ಹಾಗೇ ಸಡಿಲವಾಗಿದ್ದವು. ಆ ಚಕ್ರದ ಮೇಲಿನ ಸೀಟಿನಲ್ಲಿ ದಿನಾ ಕೂರುವವಳು ನಮ್ಮ ಮಗಳು. ಹತ್ತು ದಿನದಿಂದ ಟಕ್ ಟಕ್ ಅನ್ನುತ್ತಿದೆ ಅಂತ ಕಂಡಕಂಡವರಿಗೆಲ್ಲ ಹೇಳಿದ್ದೆ. ಪಂಕ್ಚರ್ ಅಂಗಡಿಯವನು ಕಾರಿನ ಕಡೆ ತಿರುಗಿಯೂ ನೋಡದೆ, "ಶಬ್ದ ಕಾರಲ್ಲಿಲ್ಲ ಅಕ್ಕಾ, ನಿಮ್ಮ ತಲೇಲಿದೆ" ಅಂದ. ನನ್ನ ಹೆದರಿಕೆ ಊರಿಗೆಲ್ಲ ತಮಾಷೆ. ಸಾವಿರ ಸಲ ಸುಮ್ಮನೆ ಹೆದರಿದವಳು ಒಂದು ಸಲ ಸರಿಯಾಗಿ ಹೆದರಿದರೆ ಯಾರೂ ನಂಬುವುದಿಲ್ಲ. ನೀವು ಹೇಳಿದ ವೇಗದಲ್ಲಿ ಓಡಿಸಿದ್ದರೆ ಇವತ್ತು ಈ ಕಾಗದದಲ್ಲಿ ಬೇರೆ ಸುದ್ದಿ ಇರುತ್ತಿತ್ತು. ಎಮ್ಮೆ ನಡಿಗೆಯೇ ನಿಮ್ಮ ಮಗಳನ್ನು ಉಳಿಸಿತು. ಇದನ್ನು ಭಾವನ ಎದುರಿಗೆ ನೀವೇ ಹೇಳಬೇಕು, ಚಹಾ ಕೊಡುವ ಮೊದಲು.

ಮಾವನವರ ಹಳೇ ಸ್ಪ್ಯಾನರ್ ಮಂಚದ ಕೆಳಗಿತ್ತು. ಸೀರೆ ಎತ್ತಿ ಕಟ್ಟಿ, ಎರಡೂ ಕಾಲಿಟ್ಟು ಅದರ ಮೇಲೆ ನಿಂತೆ. ನಾಲ್ಕೂ ನಟ್ಟು ಬಿಗಿ ಮಾಡಿ, ನಾನೇ ಗೀಟು ಎಳೆದೆ. ಗೀಟು ಸೊಟ್ಟಗಾಗಿದೆ. ಆಗಲಿ, ನನ್ನದು.

ಅತ್ತೆ ಆಶೀರ್ವಾದ ಹೇಳಿದ್ದಾರೆ, ಜೊತೆಗೆ ಒಂದು ಬೈಗುಳ, ಅದನ್ನು ಬರೆಯಲಾರೆ. ಮಗಳು ಕೋನ್ ಚಿತ್ರ ಬರೆದು ಒಳಗಿಟ್ಟಿದ್ದಾಳೆ, ಮೀಸೆ ಬರೆದದ್ದೂ ಅವಳೇ. ಹೊತ್ತಿಗೆ ಸರಿಯಾಗಿ ಉಣ್ಣಿ. ಸಿಟ್ಟು ಇನ್ನೂ ಇಳಿದಿಲ್ಲ.

ಇಂತಿ,
ಎಮ್ಮೆಗಿಂತ ನಿಧಾನದವಳು

ಕಾಗದ ಮಡಚುವಾಗ ಹೊಳೆಯಿತು, ನಿಮ್ಮಲ್ಲಿಗೆ ಕಾಗದ ಒಯ್ಯುವ ಸಿಮೆಂಟ್ ಲಾರಿಯವರು ಹೊರಗೆ ಹಾರನ್ ಹೊಡೆಯುತ್ತಿದ್ದಾರೆ, ಬೇಗ ಬರೆಯುತ್ತೇನೆ. ಸೀಮೆಸುಣ್ಣ ಕಾರಿನಲ್ಲೇ ಉಳಿದಿತ್ತಲ್ಲ, ರೀ. ಮನೆಯಲ್ಲಿ ಇದ್ದದ್ದು ಅದೊಂದೇ ತುಂಡು. ಹಾಗಾದರೆ ವ್ಯಾನಿಗೆ ನೀವು ಗೀಟು ಎಳೆದೇ ಇಲ್ಲ. ಅದೇ ಸಿಟ್ಟಿನ ಕೈಯಲ್ಲಿ ಅದರ ಚಕ್ರ ಹಾಕಿದ್ದೀರಿ. ಹತ್ತು ಜನ ಕೆಲಸದವರನ್ನು ಕೂರಿಸಿಕೊಂಡು ದಿನಾ ಸುರಂಗದ ಇಳಿಜಾರಿನಲ್ಲಿ ಇಳಿಯುತ್ತೀರಿ, ನಿಮ್ಮದು ಎಮ್ಮೆ ನಡಿಗೆಯೂ ಅಲ್ಲ. ಲಾರಿಯವರಿಗೂ ಬಾಯಲ್ಲಿ ಹೇಳಿದ್ದೇನೆ, ಅವರು ನಗುತ್ತಿದ್ದಾರೆ. ಸೀಮೆಸುಣ್ಣ ಕವರಿನೊಳಗೆ ಹಾಕಿದ್ದೇನೆ. ಕೂತು ಓದಿ ಅಂದಿದ್ದೆ, ಈಗ ಎದ್ದೇಳಿ. ವ್ಯಾನಿನ ನಾಲ್ಕೂ ಚಕ್ರ ನೋಡಿ. ಮುಂದಿನ ಎಡಗಡೆಯದನ್ನು ಇನ್ನೊಂದು ಸಲ ನೋಡಿ.